ಸಿದ್ದಕ್ಕ ಮತ್ತು ಮರುದಿನದ ನಗು

ಆ ಊರಿನ ಬಸ್ ನಿಲ್ದಾಣದಲ್ಲಿ ಇಳಿದಾಗ ನನ್ನ ಬಳಿ ಇದ್ದದ್ದು ಒಂದು ತಗಡಿನ ಪೆಟ್ಟಿಗೆ, ಅದರ ತುಂಬ ರಟ್ಟು ಕಿತ್ತ ಪತ್ತೇದಾರಿ ಕಾದಂಬರಿಗಳು. ಅವನ್ನು ಬಾಡಿಗೆಗೆ ಕೊಡುತ್ತ, ಒಂದು ಊರಿನವರು ಓದಿ ಮುಗಿಸಿದ ಮೇಲೆ ಮುಂದಿನ ಊರಿಗೆ ಹೊರಡುವುದು ಆಗ ನನ್ನ ಕಸುಬು. ಶಾಲೆಯನ್ನು ಅರ್ಧಕ್ಕೆ ಬಿಟ್ಟವನಿಗೆ ವಾಕ್ಯ ಕಟ್ಟುವುದನ್ನು ಕಲಿಸಿದವು ಆ ಪುಸ್ತಕಗಳೇ. ಎಲ್ಲಿಯೂ ಎರಡು ತಿಂಗಳಿಗಿಂತ ಹೆಚ್ಚು ನಿಂತವನಲ್ಲ ನಾನು. ಆದರೆ ಈ ಊರಿನಲ್ಲಿ ಹನ್ನೊಂದು ವರ್ಷ ನಿಂತೆ. ನಿಲ್ಲಿಸಿದವಳು ಗುರುಸಿದ್ದವ್ವ ಎಂಬ ಹಾಸ್ಯನಟಿ. ಊರಿಗೆಲ್ಲ ಅವಳು ಸಿದ್ದಕ್ಕ.

ಮೊದಲ ದಿನದ ಸಂಗತಿಯನ್ನು ಹೇಳಿಬಿಡುತ್ತೇನೆ. ನಿಲ್ದಾಣದ ವಿಚಾರಣೆಯ ಕಿಟಕಿಯ ಮುಂದೆ ಸರತಿಯಲ್ಲಿ ನಿಂತಿದ್ದೆ. ಒಳಗೆ ಕುಳಿತಿದ್ದ ಗುಮಾಸ್ತ ಇದ್ದಕ್ಕಿದ್ದಂತೆ ಬಿದ್ದು ಬಿದ್ದು ನಗತೊಡಗಿದ. ಸರತಿಯವರೆಲ್ಲ ಅರ್ಧ ಹೆಜ್ಜೆ ಹಿಂದೆ ಸರಿದು, ತಲೆ ತಗ್ಗಿಸಿ, ಮಳೆ ನಿಲ್ಲಲೆಂದು ಕಾಯುವವರಂತೆ ಸುಮ್ಮನೆ ನಿಂತರು. ಅವನು ಕಣ್ಣೊರೆಸಿಕೊಂಡ ಮೇಲೆ ಎದುರಿಗಿದ್ದ ಮುದುಕಿ ಕೇಳಿದಳು: "ನಿನ್ನಿ ಏನಿತ್ತಪಾ?"

"ನಮ್ಮ ಮಾವಾರು ಬೇ. ನಿನ್ನಿ ಇದ ಹೊತ್ತಿಗೆ ಕುರ್ಚಿ ಐತಂತ ತಿಳಕೊಂಡು ಗಾಳಿ ಮ್ಯಾಲ ಕುಂತರು."

ಸರತಿಯವರೆಲ್ಲ ಗಂಭೀರವಾಗಿ ತಲೆಯಾಡಿಸಿ "ನಾಳಿಗಾತು, ನಾಳಿಗಾತು" ಎಂದರು. ನಾನು ಮಾತ್ರ ಅಲ್ಲಿಯೇ, ಆಗಲೇ, ಗೊಳ್ಳೆಂದು ನಕ್ಕುಬಿಟ್ಟೆ. ತಕ್ಷಣ ಎಲ್ಲರೂ ನನ್ನಿಂದಲೂ ಅರ್ಧ ಹೆಜ್ಜೆ ಸರಿದು ನಿಂತರು. ಮುದುಕಿ ಬಹಳ ಅಕ್ಕರೆಯಿಂದ "ನಿನಗ ನಿನ್ನಿ ಏನಿತ್ತೋ ಯಪ್ಪಾ?" ಎಂದು ಕೇಳಿದಳು.

ಹೀಗೆ ಅಲ್ಲಿ ಕಂಡದ್ದಕ್ಕೆ, ಕೇಳಿದ್ದಕ್ಕೆ ನಗು ಬರುತ್ತಿದ್ದದ್ದು ಮರುದಿನ, ಅದೇ ಗಳಿಗೆಗೆ. 'ನಾಳಿಗಾತು' ಎಂದರೆ ಇದರ ನಗು ನಾಳೆಗೆ ಕಾದಿದೆ ಎಂದು. ಜನ ಅದಕ್ಕೆ ತಕ್ಕಂತೆ ಬದುಕನ್ನು ಹೊಂದಿಸಿಕೊಂಡಿದ್ದರು. ಕ್ಷೌರಿಕ ಗಲ್ಲಕ್ಕೆ ಕತ್ತಿ ಇಡುವ ಮೊದಲು "ನಿನ್ನಿ ಈ ಹೊತ್ತಿಗೆ ಎಲ್ಲಿದ್ದಿರಿ?" ಎಂದು ಕೇಳಿಯೇ ಇಡುತ್ತಿದ್ದ. ಮದುವೆಯ ಮನೆಯವರು ಬೀಗರ ತಮಾಷೆಗಳನ್ನೆಲ್ಲ, ಅವುಗಳ ನಗು ಮುಹೂರ್ತದ ಹೊತ್ತಿಗೆ ಬಾರದ ಹಾಗೆ, ಹಿಂದಿನ ದಿನ ಗಡಿಯಾರ ನೋಡಿ ಮಾಡುತ್ತಿದ್ದರು. ಸಾವಿನ ಮನೆಯಲ್ಲಿ ಯಾರಿಗಾದರೂ ನಗು ಬಂದರೆ ಸತ್ತವನ ಹೆಂಡತಿಯೇ ಕಣ್ಣೊರೆಸಿಕೊಂಡು "ನಿನ್ನಿ ಏನಿತ್ತು?" ಎಂದು ವಿಚಾರಿಸುತ್ತಿದ್ದಳು. ಎಷ್ಟೋ ಸಲ ಅದು ಸತ್ತವನೇ ಹಿಂದಿನ ದಿನ ಆಡಿದ ಮಾತಾಗಿರುತ್ತಿತ್ತು. ನಗುವವನನ್ನು ಅವನ ನಿನ್ನೆಯ ಜೊತೆ ಬಿಟ್ಟು ಹಿಂದೆ ಸರಿಯುವುದು, ಆಮೇಲೆ ಅದೇನೆಂದು ಕೇಳುವುದು, ಅಲ್ಲಿನ ಮರ್ಯಾದೆ. ಕೇಳದೆ ಹೋದವನನ್ನು ಯಾರೂ ಮನೆಗೆ ಕರೆಯುತ್ತಿರಲಿಲ್ಲ.

ಸಿದ್ದಕ್ಕ ಮೊದಲು ಹಿಟ್ಟಿನ ಗಿರಣಿಯಲ್ಲಿದ್ದವಳು. ಗಿರಣಿಯ ಗದ್ದಲದಲ್ಲಿ ಮಾತು ಕೇಳಿಸದ ಕಾರಣ ಗಿರಾಕಿಗಳನ್ನು ಅವರೆದುರಿಗೇ ಅಣಕಿಸಿ ತೋರಿಸುತ್ತಿದ್ದಳಂತೆ. ಊರಿನ ಟಿ.ವಿ. ಕೇಂದ್ರದವರು ಆ ಅಣಕವನ್ನು ಕಂಡು, ಗುರುವಾರ ಸಂಜೆ ಐದಕ್ಕೆ ನೇರಪ್ರಸಾರವಾಗುವ ಅರ್ಧ ಗಂಟೆಯ ನಗೆನಾಟಕದ ಕಾರ್ಯಕ್ರಮವನ್ನು ಅವಳಿಗೆ ಕೊಟ್ಟಿದ್ದರು. ನನ್ನಿಂದ ಒಂದು ಕಾದಂಬರಿಯನ್ನು ಒಯ್ದವಳು ಮರುದಿನವೇ ಹಿಂದಿರುಗಿಸಿದಳು. "ಕೊಲಿ ಮಾಡಿದಾಂವ ಯಾರಂತ ಹತ್ತನೇ ಪುಟದಾಗ ತಿಳೀತು ಮಾಸ್ತರ. ಆದ್ರ ಬರದಾಂವ ಮಾತು ಚಂದ ಆಡಸ್ಯಾನ. ಇಷ್ಟ ಪುಸ್ತಕ ಓದಿದವರು ನೀವು, ನನಗೂ ನಾಕ ಮಾತು ಬರದು ಕೊಡ್ರಲಾ." ಶಾಲೆ ಮುಗಿಸದ ನನ್ನನ್ನು ಮಾಸ್ತರ ಎಂದು ಕರೆದವಳು ಅವಳೊಬ್ಬಳೇ. ಆ ಒಂದು ಶಬ್ದದ ಋಣಕ್ಕೆ ನಾನು ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿ ಬರೆಯಲು ಕುಳಿತೆ.

ಬಾಡಿಗೆಗೆ ಮನೆ ತೋರಿಸುವ ಯಜಮಾನಿಯ ಪಾತ್ರ ನಾವಿಬ್ಬರೂ ಸೇರಿ ಕಟ್ಟಿದ್ದು. "ಸ್ನಾನಕ್ಕ ಹೊರಗ ಹೋಗೂದ ಬ್ಯಾಡ್ರಿ, ಮಳಿಗಾಲದಾಗ ಹಾಸಿಗ್ಯಾಗ ಆಗತೈತಿ. ಗಾಳಿ ಬೇಕಂದ್ರ ಬಾಗಲಾ ತಗೀರಿ. ಗಾಳಿ ಬ್ಯಾಡಂದ್ರ ಬಾಗಲಾ ಹುಡುಕ್ರಿ, ಹ್ವಾದ ವರ್ಷ ಇದ್ದಾಂವ ಒಯ್ದಾನ." ಇಂಥವನ್ನು ಅವಳು ಕ್ಯಾಮೆರಾದ ಮುಂದೆ ಒಂದು ಗೆರೆಯೂ ಅಲುಗದ ಮುಖದಲ್ಲಿ ಆಡುತ್ತಿದ್ದಳು. ಸ್ಟುಡಿಯೋದಲ್ಲಿ ಸೂಜಿ ಬಿದ್ದರೂ ಕೇಳುವ ಮೌನ. ಕ್ಯಾಮೆರಾದವನು ನಡುನಡುವೆ "ನಾಳಿಗಾತು" ಎಂದು ಗೊಣಗುವುದಷ್ಟೇ ಅವಳಿಗೆ ಸಿಗುತ್ತಿದ್ದ ಮೆಚ್ಚುಗೆ.

ಶುಕ್ರವಾರ ಸಂಜೆ ಐದಕ್ಕೆ ಅವಳು ಕೈಚೀಲ ಹಿಡಿದು ಪೇಟೆಗೆ ಹೊರಡುತ್ತಿದ್ದಳು. ಹಿಂದೆ ನಾನು, ಕೈಯಲ್ಲಿ ಬರಹದ ಹಾಳೆ. ಯಾವ ಮಾತನ್ನು ಎಷ್ಟು ಹೊತ್ತಿಗೆ ಆಡಿದ್ದಳೆಂದು ಅದರ ಅಂಚಿನಲ್ಲಿ ಬರೆದಿರುತ್ತಿತ್ತು. ದರ್ಜಿ ಹೊಲಿಗೆ ಯಂತ್ರದಿಂದ ಕಾಲು ತೆಗೆದಿರುತ್ತಿದ್ದ, ಬಸ್ಸುಗಳು ರಸ್ತೆಯ ಪಕ್ಕಕ್ಕೆ ನಿಂತಿರುತ್ತಿದ್ದವು, ಚಹಾದಂಗಡಿಯವನು ಆ ಅರ್ಧ ಗಂಟೆ ಯಾರ ಕೈಗೂ ಬಿಸಿ ಲೋಟ ಕೊಡುತ್ತಿರಲಿಲ್ಲ. ಐದು ಗಂಟೆ ನಾಲ್ಕು ನಿಮಿಷಕ್ಕೆ ಇಡೀ ಪೇಟೆ ಒಮ್ಮೆಲೇ ನಗುತ್ತಿತ್ತು. ನಗು ಎಲ್ಲಿ ಜೋರಾಯಿತು, ಎಲ್ಲಿ ಬಡವಾಯಿತು ಎಂದು ನಾನು ಗುರುತು ಹಾಕುತ್ತಿದ್ದೆ, ಮುಂದಿನ ವಾರದ ಬರಹ ಆ ಗುರುತುಗಳ ಮೇಲೆ ಏಳುತ್ತಿತ್ತು. ಅಂದು ಯಾರೂ ಹಿಂದೆ ಸರಿಯುತ್ತಿರಲಿಲ್ಲ, ಸರಿಯಲು ನಗದೆ ಉಳಿದವರೇ ಇರುತ್ತಿರಲಿಲ್ಲ.

ನಾನೊಬ್ಬನಿದ್ದೆ. ನನ್ನ ನಗು ಹಿಂದಿನ ದಿನವೇ ಮುಗಿದಿರುತ್ತಿತ್ತು. ಗುರುವಾರ ಕ್ಯಾಮೆರಾದ ಹಿಂದೆ ನಿಂತು ಟವೆಲನ್ನು ಬಾಯಿಗೆ ತುರುಕಿಕೊಂಡು ನಾನು ನಗುತ್ತಿದ್ದದ್ದನ್ನು ಸಿದ್ದಕ್ಕ ಕಂಡಿರಲಿಲ್ಲ. ಅವಳು ಆಡುವಾಗ ನಕ್ಕರೆ, ಆ ಊರಿನ ಲೆಕ್ಕಕ್ಕೆ, "ನಿನ್ನ ಆಟ ನನಗೆ ಬೇಡ, ನನ್ನ ನಿನ್ನೆ ನನಗಿದೆ" ಎಂದಂತೆ. ಆ ಅವಮಾನವನ್ನು ಅವಳಿಗೆ ಮಾಡಲಾರೆ ಎಂದುಕೊಂಡು ಶುಕ್ರವಾರಗಳಂದು ಎಲ್ಲರ ಜೊತೆ ನಗುವಂತೆ ನಟಿಸಿದೆ. ಒಂದು ವಾರ ಮುಚ್ಚಿಟ್ಟದ್ದನ್ನು ಎರಡನೆಯ ವಾರ ಹೇಳುವುದು ಕಷ್ಟ. ಹನ್ನೊಂದು ವರ್ಷ ಹೀಗೆಯೇ ಹೋಯಿತು.

ಆಮೇಲೆ ಸಿನಿಮಾದವರ ಪತ್ರ ಬಂತು. ದೂರದ ನಗರದ ನಿರ್ದೇಶಕ ವಿಠಲಮೂರ್ತಿ ಎಂಬುವರು ಯಜಮಾನಿಯ ನಾಟಕದ ಟೇಪನ್ನು ಹೇಗೋ ನೋಡಿದ್ದರು. ಅಂಥದೇ ಪಾತ್ರ, ಹನ್ನೆರಡು ದಿನದ ಕೆಲಸ. ಟಿ.ವಿ. ಕೇಂದ್ರದ ಕಾಳಿಂಗಪ್ಪನವರು ಪತ್ರವನ್ನು ಮೂರು ಸಲ ಓದಿ "ಶುಕ್ರವಾರ ನಾವೇನ್ ಮಾಡೂದಬೇ?" ಎಂದಷ್ಟೇ ಕೇಳಿದರು. ದರ್ಜಿ ಸಮಾಧಾನ ಹೇಳಿದ: "ಹೋಗಿ ಬಾರಬೇ ಯಕ್ಕಾ. ಎರಡು ಶುಕ್ರವಾರ ನಾನೂ ಅಂಗಿ ಹೊಲದು ನೋಡತೀನಿ."

ಸಿದ್ದಕ್ಕನಿಗೆ ಆಗ ನಲವತ್ತಾರು. "ಒಂದ ಊರಿನ ನಗು ಕೇಳೀನಿ ಮಾಸ್ತರ. ಬ್ಯಾರೆ ಮಂದಿ ನಗು ಹ್ಯಾಂಗಿರತೈತೋ ಕೇಳಬೇಕನಸೈತಿ" ಎಂದಳು. ಆಗಲೇ ನಾನು ಹೇಳಬೇಕಿತ್ತು. ಹೊರಗಿನವರ ನಗು ಎಂಥದ್ದೆಂದು ಹೇಳಿದರೆ ನನ್ನದೂ ಬಯಲಾಗುತ್ತಿತ್ತು. ನಾನು ಸುಮ್ಮನೆ ಚೀಲ ಕಟ್ಟಿದೆ.

ಚಿತ್ರೀಕರಣ ಒಂದು ಹಳೆಯ ಮನೆಯ ಅಂಗಳದಲ್ಲಿತ್ತು. ಬಾಡಿಗೆಗೆ ಬಂದ ನಾಯಕನಿಗೆ ಯಜಮಾನಿ ಮನೆ ತೋರಿಸುವ ದೃಶ್ಯ. ಸಿದ್ದಕ್ಕ ನಿಲ್ಲಬೇಕಾದ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿದ್ದರು. ಅವಳು ಸ್ನಾನದ ಮಾತನ್ನು ಆಡಿದಳೋ ಇಲ್ಲವೋ, ದೀಪ ಹಿಡಿದಿದ್ದ ಮುನಿರಾಜಪ್ಪ ಎಂಬ ದಪ್ಪನೆಯ ಮನುಷ್ಯ ಕಿಸಕ್ಕೆಂದ. ಸಿದ್ದಕ್ಕ ಮಾತು ನಿಲ್ಲಿಸಿ, ಗುರುತಿನಿಂದ ಅರ್ಧ ಹೆಜ್ಜೆ ಹಿಂದೆ ಸರಿದು, ತಲೆ ತಗ್ಗಿಸಿ ನಿಂತಳು.

"ಕಟ್! ಏನಾಯ್ತಮ್ಮ?" ಎಂದರು ವಿಠಲಮೂರ್ತಿ.

ಸಿದ್ದಕ್ಕ ಮುನಿರಾಜಪ್ಪನ ಕಡೆ ತಿರುಗಿದಳು. "ನಿನ್ನಿ ಏನಿತ್ತಪಾ?"

"ನಿನ್ನೇನಾ? ನಿನ್ನೆ ಏನೂ ಇಲ್ಲ ಮೇಡಂ, ರಜ ಇತ್ತು."

ಸುತ್ತಲಿದ್ದವರೆಲ್ಲ ನಕ್ಕರು. ಸಿದ್ದಕ್ಕ ಮತ್ತೂ ಹಿಂದೆ ಸರಿದಳು. ಎರಡನೆಯ ಸಲ ಮೂವರು ನಕ್ಕರು, ಮೂರನೆಯ ಸಲ ಐವರು. ಅವಳು ನನ್ನ ಕಿವಿಯಲ್ಲಿ "ಪಾಪ, ಇವರೆಲ್ಲಾ ನಿನ್ನಿ ಒಂದ ಕಡೆ ಇದ್ದರೇನು ಮಾಸ್ತರ? ಹೇಳಾಕ ನಾಚತಾರ ಕಾಣತೈತಿ" ಎಂದಳು. ನಿರ್ದೇಶಕರು ಗದರಿದ ಮೇಲೆ ಕೆಲಸಗಾರರು ಬಾಯಿಗೆ ಕೈ ಅಡ್ಡ ಹಿಡಿದರು. ಆದರೆ ಬಾಗಿಲು ಒಯ್ದವನ ಮಾತಿಗೆ ನಾಯಕನೇ ಫುಸಕ್ಕೆಂದು ನಕ್ಕ. ಏಳು ಸಲ ಫಿಲ್ಮ್ ಓಡಿತು, ಏಳು ಸಲವೂ ಸಿದ್ದಕ್ಕ ಮರ್ಯಾದೆಯಿಂದ ಹಿಂದೆ ಸರಿದಳು.

"ಅಮ್ಮ, ನೀವ್ಯಾಕೆ ನಿಲ್ಲಿಸ್ತೀರಿ?"

"ಅವರು ನಗತಾರಲ್ರೀ."

"ನಗ್ಲಿ ಅಂತಾನೇ ಅಲ್ವೇನ್ರೀ ನಿಮ್ಮನ್ನ ಕರೆಸಿದ್ದು!"

ಆ ಮಾತು ಅವಳಿಗೆ ಅರ್ಥವಾಗಲಿಲ್ಲ. ವಿಠಲಮೂರ್ತಿ ನನ್ನನ್ನು ಪಕ್ಕಕ್ಕೆ ಕರೆದರು. ಕೆಟ್ಟವರಲ್ಲ, ಸೋತವರಂತಿದ್ದರು. "ನಾಳೆ ಇನ್ನೊಂದು ಸಲ ನೋಡ್ತೀನಿ. ಆಗಲಿಲ್ಲ ಅಂದ್ರೆ ಬೇರೆಯವರನ್ನ ಹಾಕ್ಕೋಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ."

ಮಧ್ಯಾಹ್ನ ಲಾಡ್ಜಿನ ಕೋಣೆಯಲ್ಲಿ, ಅವಳ ಎದುರಿಗೆ ನೆಲದ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ಅವರು ನಕ್ಕದ್ದು ಅವಳ ಮಾತಿಗೇ, ಆ ಗಳಿಗೆಯ ಮಾತಿಗೇ. ಆಚೆಯ ಲೋಕವೆಲ್ಲ ಹಾಗೆಯೇ. ನಾನೂ ಹಾಗೆಯೇ.

ಅವಳು ಕಿಟಕಿಯ ಕಡೆ ನೋಡುತ್ತ ಕೇಳಿದಳು: "ನಾ ಇನ್ನೂ ಮಾತು ಮುಗಿಸಿರೂದಿಲ್ಲ, ಅಷ್ಟರಾಗ ನಗು? ಒಂದ ರಾತ್ರಿ ಒಳಗ ಕುಂದ್ರದ ನಗು ಎಂಥಾ ನಗು ಮಾಸ್ತರ?" ಆಮೇಲೆ ನನ್ನ ಕಡೆ ತಿರುಗಿದಳು. "ಮತ್ತ ಶುಕ್ರವಾರ ನಗತಿದ್ರಿ?"

"ಅದು ನಟನೆ, ಸಿದ್ದಕ್ಕ."

"ಭಾಳ ಕೆಟ್ಟ ನಟ ಅದೀರಿ. ನಿಮ್ಮ ಮಾರಿ ನೋಡಿ ಹೊಟ್ಟಿನೋವು ಅಂತ ತಿಳಕೊಂಡಿದ್ದೆ. ಶುಕ್ರವಾರಕ್ಕೊಮ್ಮೆ ಅಜವಾನ ಹಾಕಿದ ಮಜ್ಜಿಗಿ ಯಾಕ ಕುಡಸತಿದ್ದೆ ಮತ್ತ?"

ಹನ್ನೊಂದು ವರ್ಷದ ಮಜ್ಜಿಗೆ ನೆನಪಾಯಿತು. ಪ್ರತಿ ಶುಕ್ರವಾರ ಪೇಟೆಯಿಂದ ಅವಳ ಮನೆಗೆ ಬಂದ ಕೂಡಲೇ ಒಂದು ದೊಡ್ಡ ಲೋಟ. ಅದು ಆ ಮನೆಯ ಪದ್ಧತಿಯೆಂದುಕೊಂಡಿದ್ದೆ. ಕಣ್ಣಿಗೆ ನೀರು ಬಂದದ್ದೂ, ನಗು ಬಂದದ್ದೂ ಒಟ್ಟಿಗೆ. ತಡೆಯಲು ಹೋಗಿ ಅಭ್ಯಾಸದಂತೆ ಟವೆಲಿಗೆ ಕೈ ಹಾಕಿದೆ. ಅವಳು ಅದನ್ನು ಕಸಿದುಕೊಂಡಳು.

"ನಗ್ರಿ. ನೋಡೂಣು."

ನಿಂತು ಯಜಮಾನಿಯ ಮಾತುಗಳನ್ನು ಮೊದಲಿನಿಂದ ಆಡತೊಡಗಿದಳು. ನಾನು ನಕ್ಕೆ. ಅನೇಕ ದಿನ ನೀರಿಲ್ಲದ ನಲ್ಲಿಯಲ್ಲಿ ಮೊದಲು ಗಾಳಿ ಗೊರಗೊರ ಎನ್ನುವಂತೆ, ಆಮೇಲೆ ಕೆಸರು ನೀರು ಹಾರುವಂತೆ, ನಾಚಿಕೆಯಿಲ್ಲದೆ ನಕ್ಕೆ. ಅವಳ ಕಾಲು ತಾನಾಗಿಯೇ ಹಿಂದೆ ಸರಿಯಿತು. ಮತ್ತೆ ಆಡಿದಳು, ಮತ್ತೆ ಸರಿಯಿತು. ಗೋಡೆಗೆ ಬೆನ್ನು ಕೊಟ್ಟು ನಿಂತಳು, ಆಗ ತಲೆ ತಗ್ಗಿತು. ನಲವತ್ತಾರು ವರ್ಷದ ಸೌಜನ್ಯ ಒಂದು ಮಧ್ಯಾಹ್ನಕ್ಕೆ ಬಿಡುವಂಥದಲ್ಲ.

ಕೊನೆಗೆ ಮಂಚದ ಅಂಚಿನಲ್ಲಿ ಕುಳಿತು ತನಗೆ ತಾನೇ ಹೇಳಿಕೊಳ್ಳುವಂತೆ ಹೇಳಿದಳು: "ನಮ್ಮೂರಾಗ ನಗು ಅಂದ್ರ ಅವರವರ ನಿನ್ನಿದು. ಅದಕ್ಕ ನಾವು ಸರದು ನಿಲ್ಲತೀವಿ. ಇದು ಹಂಗಲ್ಲ. ನಾ ಒಂದ ಮಾತಂದೆ, ನೀವು ಅದಕ್ಕ ಉತ್ತರ ಕೊಟ್ಟಿರಿ. ಒಬ್ಬರು ಉತ್ತರ ಕೊಡೂ ಮುಂದ ತಲಿ ತಗ್ಗಸೂದು ಹ್ಯಾಂಗ ಮರ್ಯಾದಿ ಆದೀತು? ಮಾರಿ ನೋಡಿ ಪೂರಾ ಕೇಳಬೇಕು. ಅವರದು ಮುಗದ ಮ್ಯಾಲ ನಮ್ಮ ಮಾತು."

ಎದ್ದು ನಿಂತು ಇನ್ನೊಮ್ಮೆ ಆಡಿದಳು. ನಾನು ನಕ್ಕಾಗ ನನ್ನ ಮುಖವನ್ನೇ ನೋಡುತ್ತ, ಯಾರೋ ಮನೆಯ ಕಷ್ಟ ಹೇಳಿಕೊಳ್ಳುವುದನ್ನು ಕೇಳುವಷ್ಟು ಗಮನವಿಟ್ಟು ನಿಂತಳು. ಕಾಲು ಅಲುಗಲಿಲ್ಲ. ನನಗೆ ಆ ಗಮನವೇ ಮಾತಿಗಿಂತ ನಗೆ ತರಿಸಿತು. ಮಂಚದ ಕಾಲು ಹಿಡಿದುಕೊಂಡು ನಕ್ಕೆ. ಅವಳು ಗಡಿಯಾರ ನೋಡಿದಳು. ಮೂರು ಗಂಟೆ ಹತ್ತು ನಿಮಿಷ.

"ಮಾಸ್ತರ, ನಿಮ್ಮ ನಗು ನೋಡಾಕ ಭಾಳ ವಿಚಿತ್ರ ಐತಿ. ಮೀಸಿ ಒಂದ ಕಡೆ, ಮಾರಿ ಒಂದ ಕಡೆ." ಗಂಭೀರವಾಗಿ ತಲೆಯಾಡಿಸಿದಳು. "ನಾಳಿಗಾತು. ದೊಡ್ಡದೈತಿ."

ಆಗ ಇಬ್ಬರಿಗೂ ಹೊಳೆಯಿತು. ನಾಳೆ ಮೂರು ಹತ್ತರೊಳಗೆ ಕೆಲಸ ಮುಗಿಯಬೇಕು.

ಬೆಳಿಗ್ಗೆ ಹತ್ತಕ್ಕೆ ಕರೆದಿದ್ದರು. ನಾಯಕ ಬಂದದ್ದು ಹನ್ನೆರಡೂವರೆಗೆ. ಅವನು ಸಿದ್ಧನಾಗುವಷ್ಟರಲ್ಲಿ ಊಟದ ಹೊತ್ತಾಯಿತು, ಊಟವಾಗುವಷ್ಟರಲ್ಲಿ ಜನರೇಟರ್ ಕೆಟ್ಟಿತು. ಎರಡು ಮುಕ್ಕಾಲಿಗೆ ಸಿದ್ದಕ್ಕ ಸೀಮೆಸುಣ್ಣದ ಗುರುತಿನ ಮೇಲೆ ಬಂದು ನಿಂತಳು. ಸ್ನಾನದ ಮಾತು ಆಡಿದಳು. ಮುನಿರಾಜಪ್ಪ ಕಿಸಕ್ಕೆಂದ. ಅವಳ ಬಲಗಾಲಿನ ಹೆಬ್ಬೆರಳು ಒಮ್ಮೆ ನೆಲವನ್ನು ಒತ್ತಿತು. ಆದರೆ ಅವಳು ತಲೆಯೆತ್ತಿ ಅವನನ್ನೇ ನೋಡಿದಳು. ಅವನು ನಕ್ಕು ಮುಗಿಸುವವರೆಗೆ ಕಾದು, ಸರಿ ನಿನ್ನದು ತಿಳಿಯಿತು ಎನ್ನುವಂತೆ ಕಣ್ಣು ಮಿಟುಕಿಸಿ, ಬಾಗಿಲಿನ ಮಾತಿಗೆ ಹೋದಳು. ಇಡೀ ಅಂಗಳ ನಕ್ಕಿತು. ಅಂಗಳದ ಉತ್ತರವನ್ನೂ ಪೂರಾ ಕೇಳಿ ಮುಂದಕ್ಕೆ ಹೋದಳು.

"ಕಟ್" ಎನ್ನಲು ಎತ್ತಿದ ಕೈಯನ್ನು ವಿಠಲಮೂರ್ತಿ ಹಾಗೆಯೇ ಇಳಿಸಿದರು. ನನ್ನ ಭುಜ ಹಿಡಿದು ಪಿಸುಗುಟ್ಟಿದರು: "ಥಿಯೇಟರಲ್ಲಿ ಜನ ನಗೋವಾಗ ಮುಂದಿನ ಮಾತು ಮುಳುಗಿಹೋಗುತ್ತೆ ಅಂತ ಇಪ್ಪತ್ತು ವರ್ಷದಿಂದ ಒದ್ದಾಡ್ತಿದ್ದೀನಿ. ಈಯಮ್ಮ ಜಾಗ ಬಿಟ್ಟುಕೊಂಡು ಹೋಗ್ತಿದ್ದಾರೆ ನೋಡ್ರಿ! ಈ ನಗುವಿನ ಸದ್ದು ಹೋಗಲಿ ಬಿಡಿ, ಡಬ್ಬಿಂಗಲ್ಲಿ ಸರಿ ಮಾಡಿದ್ರಾಯ್ತು."

ದೃಶ್ಯ ಮುಗಿದಾಗ ಮೂರು ಗಂಟೆ ಐದು ನಿಮಿಷ. ನಾನು ದೇವರಿಗೆ ಕೈ ಮುಗಿಯುವಷ್ಟರಲ್ಲಿ ನಿರ್ದೇಶಕರು ಕೂಗಿದರು: "ಕ್ಲೋಸ್‌ಅಪ್! ಬೇಗ, ಬಿಸಿಲು ಗೋಡೆ ಹತ್ತೋಕ್ಕೆ ಮುಂಚೆ."

ನಾನು ಓಡಿಹೋಗಿ ಇರುವ ಸಂಗತಿ ಹೇಳಿದೆ. ಅವರು ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿದರು. "ಬೆಳಕು ಹೋಗುತ್ತೆ ಕಣ್ರೀ. ನಾಳೆ ಈ ಮನೆ ನಮಗೆ ಸಿಗಲ್ಲ. ಕ್ಲೋಸ್‌ಅಪ್ ಇಲ್ಲ ಅಂದ್ರೆ ಸೀನಿಲ್ಲ, ಸೀನಿಲ್ಲ ಅಂದ್ರೆ ಪಾತ್ರಾನೇ ಇಲ್ಲ. ಎಷ್ಟು ಹೊತ್ತು ನಗ್ತಾರೆ?"

"ಇಪ್ಪತ್ತು ನಿಮಿಷ ಆಗಬಹುದು, ಸರ್."

ಅವರು ಉತ್ತರಿಸುವ ಮೊದಲೇ ಅದು ಬಂತು. ಸಿದ್ದಕ್ಕ ಮೊದಲು ಹೊಟ್ಟೆ ಹಿಡಿದುಕೊಂಡಳು, ಆಮೇಲೆ ಜಗಲಿಯ ಮೆಟ್ಟಿಲ ಮೇಲೆ ಕುಸಿದು ಕುಳಿತಳು. ಊರಿನ ಶುಕ್ರವಾರಗಳಲ್ಲಿ ಎಲ್ಲರ ನಗೆಯನ್ನು ಕೇಳುತ್ತ ಮುಖ ಬಿಗಿಹಿಡಿದು ನಡೆಯುತ್ತಿದ್ದವಳು, ಅಪರಿಚಿತರ ಅಂಗಳದಲ್ಲಿ ಸೆರಗು ಬಾಯಿಗಿಟ್ಟುಕೊಳ್ಳುವುದನ್ನೂ ಮರೆತು ನಕ್ಕಳು. ನಾಯಕ ಗಡಿಯಾರ ನೋಡಿಕೊಂಡ. ಸಹಾಯಕ ನಿರ್ದೇಶಕ ಬಿಸಿಲನ್ನು ನೋಡಿದ. ನಾನು ನೆಲ ನೋಡುತ್ತ, ಎಲ್ಲ ಮುಗಿಯಿತು ಎಂದುಕೊಂಡೆ.

ಆಗ ಮುನಿರಾಜಪ್ಪ ದೀಪವನ್ನು ಕೆಳಗಿಟ್ಟ. ಅರ್ಧ ಹೆಜ್ಜೆ ಹಿಂದೆ ಸರಿದು, ತಲೆ ತಗ್ಗಿಸಿ, ಕೈ ಕಟ್ಟಿ ನಿಂತ. ಹಿಂದಿನ ದಿನ ಏಳು ಸಲ ಅವಳು ತನಗೆ ಮಾಡಿದ್ದನ್ನು ಅವನು ನೋಡಿ ಕಲಿತಿದ್ದ. ಅವನ ಪಕ್ಕದವನು ಸರಿದ. ಪ್ರಸಾಧನದ ಹೆಂಗಸು ಸರಿದಳು. ನೋಡನೋಡುತ್ತ ಇಪ್ಪತ್ತು ಜನರ ತಂಡ ತಲೆ ತಗ್ಗಿಸಿ ನಿಂತಿತು. ವಿಠಲಮೂರ್ತಿ ಗೋಡೆ ಹತ್ತುತ್ತಿದ್ದ ಬಿಸಿಲನ್ನು ಒಮ್ಮೆ ನೋಡಿದರು, ಸಿದ್ದಕ್ಕನನ್ನು ಒಮ್ಮೆ ನೋಡಿದರು. ಮೂರು ಹದಿನೈದಕ್ಕೆ, ಮೂಲೆಯಲ್ಲಿದ್ದ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕುಳಿತು, ತಾವೂ ತಲೆ ತಗ್ಗಿಸಿದರು. ನಾನು ಅಲೆದ ಊರುಗಳನ್ನೆಲ್ಲ ಸೇರಿಸಿದರೂ, ಗುರುತು ಪರಿಚಯವಿಲ್ಲದ ಒಬ್ಬರ ನಗುವಿಗಾಗಿ ಇಷ್ಟು ಜನ ತಮ್ಮ ಕೆಲಸ ಬಿಟ್ಟು ಕಾದದ್ದನ್ನು ಕಂಡಿರಲಿಲ್ಲ.

ಮೂರೂವರೆಗೆ ಅವಳು ಕಣ್ಣೊರೆಸಿಕೊಂಡಳು. ಬಿಸಿಲು ಅಂಗಳವನ್ನು ಬಿಟ್ಟು ಹೋಗಿತ್ತು.

"ನಿನ್ನೆ ಏನಿತ್ತಮ್ಮ?" ಎಂದು ನಿರ್ದೇಶಕರೇ ಕೇಳಿದರು.

"ಈ ಮಾಸ್ತರ ನಕ್ಕರ್ರೀ. ಹನ್ನೊಂದು ವರ್ಷದ್ದು ಒಮ್ಮೆಲೇ."

ಕ್ಯಾಮೆರಾದವನು ಮೋಡ ಕವಿದಂಥ ಆ ಉಳಿದ ಬೆಳಕಿನಲ್ಲಿಯೇ ಕ್ಯಾಮೆರಾಕ್ಕೆ ಕಣ್ಣಿಟ್ಟು ನೋಡಿ, "ಸರ್, ಹೀಗೇ ತೆಗೆಯೋಣ. ಮುಖ ನೋಡಿ" ಎಂದ. ಅವಳ ಕಣ್ಣಂಚು ಇನ್ನೂ ಒದ್ದೆಯಾಗಿತ್ತು, ಕೆನ್ನೆ ಸಡಿಲಾಗಿತ್ತು. ಮನೆ ಬೇಡವೆಂದು ಹೊರಟ ಬಾಡಿಗೆದಾರನಿಗೆ ಯಜಮಾನಿ ಹೇಳುವ ಒಂದೇ ಮಾತು ಆ ಕ್ಲೋಸ್‌ಅಪ್ಪಿನಲ್ಲಿತ್ತು: "ಊಟ ಮಾಡೀರೇನು?" ಅವಳು ಅದನ್ನು ಹೇಳಿದಳು. ಯಾರೂ ನಗಲಿಲ್ಲ, ಯಾರೂ ಅಲುಗಲಿಲ್ಲ. ಮುಂದೆ ಅವಳಿಗೆ ಒಂಬತ್ತು ಸಿನಿಮಾಗಳು ಬಂದವು. ಅವುಗಳ ನಡುವೆ ಬಿಡುವಾದಾಗಲೆಲ್ಲ ಊರಿಗೆ ಬಂದು ಗುರುವಾರದ ಕೆಲಸ ಮಾಡಿ ಹೋದಳು. ಎಲ್ಲಿ ಹೋದರೂ ಜನ ಅವಳನ್ನು ಗುರುತು ಹಿಡಿದದ್ದು ಆ ಒಂದು ಮುಖದಿಂದ.

ಅಂದು "ಓಕೆ" ಎಂದ ಮೇಲೆ ವಿಠಲಮೂರ್ತಿ ಅವಳ ಹತ್ತಿರ ಬಂದು, ಹಿರಿಯರ ಎದುರು ನಿಲ್ಲುವಂತೆ ನಿಂತರು. "ನಾಳೆ ಎಂಟಕ್ಕೆ ಸ್ಟುಡಿಯೋಗೆ ಬರ್ತೀರಾ ಅಮ್ಮ? ಪಾತ್ರ ನಿಮ್ಮದೇ."

"ಬರತೀನ್ರೀ. ನಿಮ್ಮ ಉಪಕಾರ ಭಾಳ ಆತು." ಸಿದ್ದಕ್ಕ ಕೈ ಮುಗಿದಳು. ಸಂಕೋಚದಿಂದ ಸೆರಗು ಸರಿಪಡಿಸಿಕೊಂಡು ಹೇಳಿದಳು: "ಆದ್ರ ಒಂದ ಮಾತೈತ್ರಿ. ನೀವು ಬಕೀಟಿನ ಮ್ಯಾಲ ತಲಿ ತಗ್ಗಿಸಿ ಕುಂತಿದ್ರಿ ನೋಡ್ರಿ, ಬಾಸಿಂಗ ಇಲ್ಲದ ಮದಿಮಗನ ಹಂಗ. ಅದು ನಾಳಿಗಾತ್ರಿ."

ವಿಠಲಮೂರ್ತಿ ಅಂಗಳ ಮಾರ್ದನಿಗೊಡುವಂತೆ ನಕ್ಕರು. ಅವಳು ಅವರ ಮುಖವನ್ನೇ ನೋಡುತ್ತ, ಅವರ ಉತ್ತರ ಮುಗಿಯುವವರೆಗೂ ನಿಂತಿದ್ದಳು. ನಕ್ಕು ಮುಗಿಸಿದ ಅವರು ಸಹಾಯಕನನ್ನು ಕರೆದು ಮರುದಿನದ ವೇಳಾಪಟ್ಟಿಯಲ್ಲಿ ಒಂದು ಸಾಲು ಸೇರಿಸಲು ಹೇಳಿದರು. ಅವನು ಕಾಗದವನ್ನು ಮೊಣಕಾಲ ಮೇಲಿಟ್ಟುಕೊಂಡು ದುಂಡನೆಯ ಅಕ್ಷರಗಳಲ್ಲಿ ಬರೆದ: ಮಧ್ಯಾಹ್ನ ಮೂರು ಹದಿನೈದು, ಗುರುಸಿದ್ದವ್ವನವರ ನಗು. ಎಲ್ಲರೂ ಕಾಯತಕ್ಕದ್ದು.